ನೀರು ಮುಟ್ಟುವ ತನಕದ ಭಾರ



*ಇಂದಿನ ಚಿಂತನೆ*

ಧಮ್ಮ ಬಂಧುಗಳೇ,

ಮೊನ್ನೆ ಈ ಗುಂಪಿಗೆ ಒಂದು ಸಣ್ಣ ವಿಡಿಯೋ ಬಂದಿತ್ತು. ಯಾವುದೋ ಹೊರದೇಶದ ಹೆಂಗಸು, ವಯಸ್ಸು ಅರವತ್ತು ದಾಟಿರಬಹುದು, ಹತ್ತಡಿ ಉದ್ದದ ಕಯಾಕನ್ನು ಎರಡು ಚಕ್ರದ ಟ್ರಾಲಿಯ ಮೇಲೆ ಕೂರಿಸಿ ಒಂದೇ ಕೈಯಲ್ಲಿ ಎಳೆದುಕೊಂಡು ಕೆರೆಗೆ ಹೋಗುತ್ತಾರೆ. ಅದರ ಕೆಳಗೆ ಒಬ್ಬರು "ದೋಣಿಗೂ ಗಾಡಿ ಬಂತಲ್ಲ ಮಾರಾಯ್ರೆ" ಎಂದು ಬರೆದಿದ್ದರು. ಇನ್ನೊಬ್ಬರು "ಇದಕ್ಕೂ ಧಮ್ಮಕ್ಕೂ ಏನು ಸಂಬಂಧ, ಇಂಥದ್ದನ್ನು ಇಲ್ಲಿ ಹಾಕಬೇಡಿ" ಎಂದರು. ಆ ಎರಡನೆಯ ಮಾತನ್ನು ಹಿಡಿದುಕೊಂಡೇ ಇವತ್ತಿನ ಪಾಠ.

ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕಾಲು ಚಾಚಿ ಕೂತು, ಎರಡೂ ತುದಿಗೆ ಹಲಗೆಯಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ಸಾಗರ ತಾಲೂಕಿನ ಹೊನ್ನೆಮರಡುವಿನಲ್ಲಿ, ಶರಾವತಿ ಹಿನ್ನೀರಿನ ಮೇಲೆ, ಹರಿಗೋಲಿನ ಜೊತೆಗೆ ಇವನ್ನೂ ನೋಡಬಹುದು. ಘಟ್ಟ ಇಳಿದರೆ ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ, ಸೀತಾ ನದಿಯ ಕಾಂಡ್ಲಾ ಗಿಡಗಳ ಸಂದಿಯಲ್ಲಿ ಪ್ರವಾಸಿಗಳು ಇದರಲ್ಲೇ ಓಡಾಡುತ್ತಾರೆ. ನಮ್ಮ ಬಳಗದ ಮನೆಗಳ ಇಬ್ಬರು ಹುಡುಗರು ಸೀಸನ್ನಿನಲ್ಲಿ ಇಂಥ ಒಂದು ಜಾಗದಲ್ಲಿ (ಜಾಗದ ಹೆಸರು ಬೇಡ) ಕೆಲಸಕ್ಕೆ ಹೋಗುತ್ತಾರೆ. ದೋಣಿ ನಡೆಸುವವರು ಬೆಂಗಳೂರಿನವರು. ಷೆಡ್ಡಿನಿಂದ ನೀರಿನವರೆಗೆ ದೋಣಿ ಹೊರುವವರು ಇವರು. ಸಂಬಂಧ ಏನು ಎಂದು ಕೇಳಿದವರು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಬೇಕು.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಬರುವ ತೆಪ್ಪದ ಹೋಲಿಕೆ ನಿಮಗೆಲ್ಲ ಗೊತ್ತು. (ಹಾವನ್ನು ಬಾಲದಲ್ಲಿ ಹಿಡಿದವನ ಹೋಲಿಕೆಯೂ ಅಲ್ಲೇ ಇದೆ, ಸುತ್ತಕ್ಕೆ ಹೆಸರು ಬಂದದ್ದು ಅದರಿಂದ.) ದಾರಿಹೋಕನೊಬ್ಬ ದೊಡ್ಡ ನೀರಿಗೆ ಬರುತ್ತಾನೆ. ಈಚೆ ದಡದಲ್ಲಿ ಭಯ, ಆಚೆ ದಡದಲ್ಲಿ ಕ್ಷೇಮ, ದಾಟಲು ದೋಣಿಯಿಲ್ಲ, ಸೇತುವೆಯಿಲ್ಲ. ಹುಲ್ಲು, ಕಡ್ಡಿ, ಕೊಂಬೆ, ಎಲೆ ಕೂಡಿಸಿ ತೆಪ್ಪ ಕಟ್ಟುತ್ತಾನೆ, ಕೈಕಾಲು ಬಡಿದು ದಾಟುತ್ತಾನೆ. ದಾಟಿದ ಮೇಲೆ, ಇಷ್ಟು ಉಪಕಾರ ಮಾಡಿದ ತೆಪ್ಪವನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಗಬೇಕೇ ಎಂಬುದು ಭಗವಾನರ ಪ್ರಶ್ನೆ. ದಡದಲ್ಲಿ ಇಟ್ಟು ಇಲ್ಲವೆ ನೀರಿನಲ್ಲಿ ತೇಲಿಬಿಟ್ಟು ಹೋಗುವವನೇ ಸರಿಯಾದದ್ದನ್ನು ಮಾಡಿದವನು.

ಈ ಕತೆ ಹೇಳುವಾಗ ಎಲ್ಲರೂ ಆಚೆ ದಡದ ಬಗ್ಗೆಯೇ ಮಾತಾಡುತ್ತಾರೆ. ನಾನು ಈಚೆ ದಡವನ್ನು ನೋಡಿ ಎನ್ನುತ್ತೇನೆ. ಆ ದಾರಿಹೋಕ ತೆಪ್ಪವನ್ನು ಕಟ್ಟಿದ್ದು ನೀರಿನ ಅಂಚಿನಲ್ಲೇ. ದಾಟುವ ಮೊದಲು ಅವನು ಅದನ್ನು ಹೊರಬೇಕಾಗಿರಲಿಲ್ಲ. ಹಳೆಯ ಕಾಲದ ಕಡವಿನ ದೋಣಿಯೂ ನೀರಿನಲ್ಲೇ ಇರುತ್ತಿತ್ತು, ದಡದ ಮರಕ್ಕೆ ಕಟ್ಟಿ ಹಾಕಿದರೆ ಆಯಿತು. ಹರಿಗೋಲು ಬಿದಿರಿನದ್ದು, ಹಗುರ. ಬೋರಲು ಮಾಡಿ ಬೆನ್ನ ಮೇಲೆ ಹಾಕಿಕೊಂಡರೆ ದೊಡ್ಡ ಗೊರಬು ಹೊದ್ದವರ ಹಾಗೆ ಒಬ್ಬರೇ ನಡೆದು ಹೋಗಬಹುದು. ಕಯಾಕ್ ಹಾಗಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗುತ್ತದೆ, ಕಳ್ಳರ ಭಯ ಬೇರೆ, ಆದ್ದರಿಂದ ಪ್ರತಿ ಸಂಜೆ ಷೆಡ್ಡಿಗೆ ಹೋಗಬೇಕು. ಒಬ್ಬರು ಕೂರುವಂಥದ್ದು ಸುಮಾರು 20ರಿಂದ 30 ಕೆ.ಜಿ., ಇಬ್ಬರದ್ದು 30ರಿಂದ 40 ಕೆ.ಜಿ. ತೂಗುತ್ತದೆ. ಭಾರಕ್ಕಿಂತ ಉದ್ದವೇ ತೊಂದರೆ. ತುದಿಗೊಬ್ಬರು ಹಿಡಿದರೆ ಇಬ್ಬರ ಹೆಜ್ಜೆ ಕೂಡುವುದಿಲ್ಲ, ಒದ್ದೆ ಕೈ ಜಾರುತ್ತದೆ, ಒಂದೇ ಬದಿಗೆ ವಾಲಿಕೊಂಡು ನಡೆದು ನಡೆದು ಸೊಂಟ ಹಿಡಿಯುತ್ತದೆ.

ಇನ್ನು ನಮ್ಮ ಹಿನ್ನೀರಿನ ದಡ ನಿಂತಲ್ಲಿ ನಿಲ್ಲುವ ದಡವಲ್ಲ. ಶರಾವತಿ ಹುಟ್ಟುವುದು ನಮ್ಮ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಅಲ್ಲಿ ಅಂಗೈಯಷ್ಟು ನೀರು. ಅದೇ ನೀರು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಸಮುದ್ರದ ಹಾಗೆ ನಿಲ್ಲುತ್ತದೆ. ತುಂಬಿದಾಗ ಮಟ್ಟ 1,819 ಅಡಿ. ಬೇಸಿಗೆ ಕೊನೆಗೆ ಅದು ಹತ್ತಾರು ಅಡಿ ಕೆಳಗಿರುತ್ತದೆ. ನೀರು ತೀರಾ ಇಳಿದ ವರ್ಷ ಹಸಿರುಮಕ್ಕಿಯ ಲಾಂಚ್ ನಿಂತದ್ದನ್ನು ನೀವೂ ಕಂಡಿದ್ದೀರಿ. ಈಗ ಒಂದು ಲೆಕ್ಕ ಹಾಕಿ. ದಡ ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಇಳಿಜಾರು ಎಂದುಕೊಳ್ಳೋಣ. ನೀರು 40 ಅಡಿ ಇಳಿದರೆ ನೀರಿನ ಅಂಚು 800 ಅಡಿ ದೂರ ಸರಿಯುತ್ತದೆ. ಬೆಳಿಗ್ಗೆ ಹತ್ತು ದೋಣಿ ಇಳಿಸಿ ಸಂಜೆ ಹತ್ತು ದೋಣಿ ಹತ್ತಿಸಿದರೆ ಹೊರೆ ಹೊತ್ತ ನಡಿಗೆಯೇ 16,000 ಅಡಿ, ಅಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರ್. ಅದೂ ಕೆಸರು ಮತ್ತು ಮುಳುಗಿ ಸತ್ತ ಮರಗಳ ಬೊಡ್ಡೆಗಳ ನಡುವೆ. ಹೊರಲಾರದೆ ಎಳೆದರೆ ದೋಣಿಯ ಹಿಂಬದಿಯ ತಳ ಸವೆದು ತೂತಾಗುತ್ತದೆ. ಆಗ ಬೈಗುಳವೂ ಅದೇ ಹುಡುಗರಿಗೆ.

ಇಲ್ಲಿಗೆ ಚಕ್ರ ಬೇಕು. ಚಕ್ರ ಭಾರವನ್ನು ಕಡಿಮೆ ಮಾಡುವುದಿಲ್ಲ. ಮೈಮೇಲಿದ್ದ ಭಾರವನ್ನು ನೆಲಕ್ಕೆ ವರ್ಗಾಯಿಸುತ್ತದೆ. ಎಷ್ಟು ವರ್ಗಾಯಿಸುತ್ತದೆ ಎಂಬುದು ಚಕ್ರವನ್ನು ಎಲ್ಲಿ ಇಟ್ಟಿರಿ ಎಂಬುದರ ಮೇಲೆ ನಿಂತಿದೆ. ಹತ್ತಡಿಯ, 30 ಕೆ.ಜಿ.ಯ ದೋಣಿ, ಭಾರವೆಲ್ಲ ಎರಡೂ ಕಡೆಗೆ ಸಮನಾಗಿದೆ ಎಂದುಕೊಳ್ಳಿ. ಟ್ರಾಲಿಯನ್ನು ಹಿಂದಿನ ತುದಿಗೆ ಕಟ್ಟಿ ಮುಂದಿನ ತುದಿಯನ್ನು ಎತ್ತಿ ಹಿಡಿದರೆ ಕೈಗೆ 15 ಕೆ.ಜಿ. ಬೀಳುತ್ತದೆ, ಅರ್ಧಕ್ಕೆ ಅರ್ಧ. ಮುಂದಿನ ತುದಿಯಿಂದ ಏಳಡಿಗೆ ತಂದರೆ ಎಂಟೂವರೆ ಕೆ.ಜಿ. ಚಿಲ್ಲರೆ. ನಡುಮಧ್ಯಕ್ಕಿಂತ ಅರ್ಧ ಅಡಿ ಮಾತ್ರ ಹಿಂದಕ್ಕೆ, ಅಂದರೆ ಐದೂವರೆ ಅಡಿಗೆ ಇಟ್ಟರೆ ಮೂರು ಕೆ.ಜಿ.ಗೂ ಕಡಿಮೆ. ಅದೇ ದೋಣಿ, ಅದೇ ಟ್ರಾಲಿ. ಹಾಗಾದರೆ ಸರಿಯಾಗಿ ನಡುವಿಗೇ ಇಟ್ಟರೆ? ಕೈಗೆ ಭಾರವೇ ಇರುವುದಿಲ್ಲ, ಆದರೆ ಪ್ರತಿ ಗುಂಡಿಗೂ ತಕ್ಕಡಿಯ ಹಾಗೆ ತಲೆ ಎತ್ತಿ ಇಳಿಸಿ ಕುಣಿಯುತ್ತದೆ. ಸ್ವಲ್ಪ ಭಾರ ಕೈಯಲ್ಲಿ ಇರಬೇಕು.

ಎತ್ತಿನಗಾಡಿ ಕಟ್ಟಿದ ಮನೆಯವರಿಗೆ ಇದು ಹೊಸದಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಪಟ್ಟಿ ಬಿಗಿಯುತ್ತದೆ. ನಮ್ಮ ಹಿರಿಯರಲ್ಲಿ ಹಲವರು ಗಾಡಿಯ ಒಡೆಯರಾಗಿರಲಿಲ್ಲ, ಲೋಡು ಹೇರುವ ಆಳುಗಳಾಗಿದ್ದರು. ಆದರೆ ಹೇರುವ ವಿದ್ಯೆ ಅವರ ಕೈಯಲ್ಲಿತ್ತು. ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ, ಅಷ್ಟೆ.

ಚಕ್ರದ ಗುಣದ ಬಗ್ಗೆ ಅಂಗುತ್ತರ ನಿಕಾಯದ ಮೂರರ ವಿಭಾಗದಲ್ಲಿ ಒಂದು ಒಳ್ಳೆಯ ಕತೆಯಿದೆ. ಭಗವಾನರು ಅದನ್ನು ವಾರಾಣಸಿಯ ಇಸಿಪತನದಲ್ಲಿ ಹೇಳಿದ್ದು. ಪಚೇತನ ಎಂಬ ರಾಜ ತನ್ನ ರಥ ಮಾಡುವ ಬಡಗಿಗೆ, ಆರು ತಿಂಗಳಿಗೆ ಯುದ್ಧವಿದೆ, ಒಂದು ಜೊತೆ ಚಕ್ರ ಮಾಡು ಎನ್ನುತ್ತಾನೆ. ಆರು ತಿಂಗಳಿಗೆ ಆರು ದಿನ ಬಾಕಿಯಿದ್ದಾಗ ಆಗಿದ್ದದ್ದು ಒಂದೇ ಚಕ್ರ. ಎರಡನೆಯದನ್ನು ಉಳಿದ ಆರು ದಿನಗಳಲ್ಲಿ ಮುಗಿಸಿ ತರುತ್ತಾನೆ. ನೋಡಲು ಎರಡೂ ಒಂದೇ. ವ್ಯತ್ಯಾಸವೇನು ಎಂದು ರಾಜ ಕೇಳಿದಾಗ ಬಡಗಿ ಬಾಯಲ್ಲಿ ಹೇಳುವುದಿಲ್ಲ, ಉರುಳಿಸಿ ತೋರಿಸುತ್ತಾನೆ. ಆರು ದಿನದ ಚಕ್ರ ತಳ್ಳಿದ ಬಲ ಇರುವಷ್ಟು ದೂರ ಹೋಗಿ, ಓಲಾಡಿ ಬೀಳುತ್ತದೆ. ಇನ್ನೊಂದು ಬಲ ಮುಗಿದಲ್ಲಿ ಅಚ್ಚಿಗೆ ಸಿಕ್ಕಿಸಿದ ಹಾಗೆ ನಿಲ್ಲುತ್ತದೆ. ಬಿದ್ದ ಚಕ್ರದ ಸುತ್ತುಪಟ್ಟಿ, ಕಡ್ಡಿ, ಗುಂಬ ಮೂರರಲ್ಲೂ ಡೊಂಕಿತ್ತು. ಮರದ ಡೊಂಕನ್ನು ಬಲ್ಲ ಆ ಬಡಗಿ ತಾನೇ ಆಗಿದ್ದೆ, ಈಗ ಕಾಯ, ಮಾತು, ಮನಸ್ಸಿನ ಡೊಂಕನ್ನು ಬಲ್ಲೆ ಎಂದು ಭಗವಾನರು ಕತೆಯನ್ನು ನಮ್ಮ ಕಡೆಗೆ ತಿರುಗಿಸುತ್ತಾರೆ. ಆ ಅರ್ಥವನ್ನು ನಾವು ಹಿಂದೆ ಓದಿದ್ದೇವೆ. ಇವತ್ತು ಬಡಗಿಯ ಪರೀಕ್ಷೆಯನ್ನು ಅಕ್ಷರಶಃ ತೆಗೆದುಕೊಳ್ಳಿ. ಟ್ರಾಲಿ ಕೊಳ್ಳುವಾಗಲೋ ಮಾಡಿಸುವಾಗಲೋ ಖಾಲಿ ಗಾಡಿಯನ್ನು ಸಮನೆಲದ ಮೇಲೆ ತಳ್ಳಿಬಿಡಿ. ನೆಟ್ಟಗೆ ಹೋಗಿ ನಿಂತರೆ ಸರಿ. ಒಂದು ಕಡೆಗೆ ಎಳೆದರೆ ಅಚ್ಚು ಡೊಂಕಿದೆ, ಆ ಡೊಂಕನ್ನು ದಿನವಿಡೀ ನಿಮ್ಮ ಮಣಿಕಟ್ಟು ಸರಿಪಡಿಸುತ್ತಿರಬೇಕಾಗುತ್ತದೆ.

ಕೆಸರಿಗೆ ಸೈಕಲ್ಲಿನಂಥ ತೆಳು ಚಕ್ರ ಆಗುವುದಿಲ್ಲ, ನೇಗಿಲ ಗುಳದ ಹಾಗೆ ಸೀಳಿಕೊಂಡು ಹೂತುಹೋಗುತ್ತದೆ. ಅಗಲವಾದ, ಗಾಳಿ ಸ್ವಲ್ಪ ಕಡಿಮೆಯಿರುವ ಟೈರು ಮಣ್ಣಿನ ಮೇಲೆ ಹರಡಿಕೊಂಡು ತೇಲಿದಂತೆ ಉರುಳುತ್ತದೆ. ಕಲ್ಲು, ಬೇರು ಹೆಚ್ಚಿರುವ ದಡಕ್ಕೆ ಚಕ್ರ ದೊಡ್ಡದಾದಷ್ಟೂ ಒಳ್ಳೆಯದು. ಸಣ್ಣ ಚಕ್ರ ಬೇರಿಗೆ ತಾಗಿ ನಿಲ್ಲುತ್ತದೆ, ದೊಡ್ಡದು ಹತ್ತಿ ಇಳಿಯುತ್ತದೆ. ಎರಡು ಚಕ್ರಗಳ ನಡುವಿನ ಅಂತರ ತೀರಾ ಕಿರಿದಾದರೆ ಓರೆ ನೆಲದಲ್ಲಿ ದೋಣಿಸಮೇತ ಮಗುಚುತ್ತದೆ. ದೋಣಿಯನ್ನು ಪಟ್ಟಿಯಿಂದ ಟ್ರಾಲಿಗೆ ಬಿಗಿಯಿರಿ. ಸುಮ್ಮನೆ ಮೇಲಿಟ್ಟರೆ ಮೊದಲ ಗುಂಡಿಯಲ್ಲೇ ಟ್ರಾಲಿ ಹಿಂದೆ ಉಳಿದು ದೋಣಿ ಮಾತ್ರ ಮುಂದೆ ಬರುತ್ತದೆ. ಹುಟ್ಟು, ಲೈಫ್ ಜಾಕೆಟ್, ಬುತ್ತಿ ಏನಿದ್ದರೂ ಚಕ್ರದ ನೇರಕ್ಕೆ ಇಡಿ, ತುದಿಯಲ್ಲಿ ಇಟ್ಟರೆ ಮೇಲೆ ಹಾಕಿದ ಲೆಕ್ಕವೆಲ್ಲ ಕೆಡುತ್ತದೆ.

ಇಳಿಜಾರಿನಲ್ಲಿ ಮಾತ್ರ ಎಚ್ಚರ. ಏರುವಾಗ ಮುಂದೆ ನಿಂತು ಎಳೆಯಬಹುದು. ಇಳಿಯುವಾಗ ಮುಂದೆ ನಿಂತರೆ ದೋಣಿಯೇ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ. ಆಗ ದೋಣಿಯನ್ನು ಮುಂದೆ ಬಿಟ್ಟು ಹಿಂದಿನಿಂದ ಹಗ್ಗ ಹಿಡಿದು ಇಳಿಸಬೇಕು, ಕೆಳಗಡೆ ಯಾರೂ ನಿಲ್ಲಬಾರದು. ಮಕ್ಕಳು ನಿಲ್ಲುತ್ತಾರೆ, ಅವರನ್ನು ಮೊದಲು ಪಕ್ಕಕ್ಕೆ ಕಳಿಸಿ. ಮೊಣಕಾಲುದ್ದ ನೀರಿಗೆ ಬಂದ ಮೇಲೆ ಪಟ್ಟಿ ಬಿಚ್ಚಿದರೆ ದೋಣಿ ತಾನಾಗಿ ತೇಲಿ ಟ್ರಾಲಿಯಿಂದ ಬಿಡಿಸಿಕೊಳ್ಳುತ್ತದೆ. ಎತ್ತುವ ಕೆಲಸವೇ ಇಲ್ಲ. ಬರುವಾಗ ಇದೇ ಕ್ರಮ ತಿರುವುಮುರುವು. ಸಿಹಿನೀರಿನಲ್ಲಿ ಕೆಸರು ತೊಳೆದು ಒಣಗಿಸಿದರೆ ಸಾಕು. ಸಾಲಿಗ್ರಾಮದಂಥ ಉಪ್ಪುನೀರಿನ ಕಡೆ ಹೋದರೆ ಅದೇ ದಿನ ಸಿಹಿನೀರು ಹೊಯ್ಯದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಗಾಳಿ ತುಂಬಿದ ಟೈರನ್ನು ಏಪ್ರಿಲ್ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಸಿಡಿಯುತ್ತದೆ.

ಒಂದು ಭಾಗವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ: ಕಡಾಣಿ. ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ಸಿಕ್ಕಿಸುವ ಕಿರುಬೆರಳಿನಷ್ಟು ಕಬ್ಬಿಣ. ಟ್ರಾಲಿಯಲ್ಲೂ ಅದೇ ಇದೆ, ತಂತಿಯ ಪಿನ್ನಿನ ರೂಪದಲ್ಲಿ. ಕೆಸರಿನಲ್ಲಿ ಮೊದಲು ಕಳೆದುಹೋಗುವುದೂ ಅದೇ, ಆದ್ದರಿಂದ ದಾರ ಕಟ್ಟಿ ಅಚ್ಚಿಗೇ ಜೋತುಬಿಡಿ. ಕನ್ನಡದ ಕಡಾಣಿಯೊಳಗೆ 'ಆಣಿ' ಇದೆ, ಪಾಲಿಯಲ್ಲೂ ಅದರ ಹೆಸರು 'ಆಣಿ'ಯೇ. ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಈ ಪದ ಬರುತ್ತದೆ. ಹುಟ್ಟಿನಿಂದ ಯಾರೂ ಬ್ರಾಹ್ಮಣನಾಗುವುದಿಲ್ಲ, ಮಾಡುವ ಕೆಲಸದಿಂದ ರೈತ ರೈತನಾಗುತ್ತಾನೆ, ಕುಶಲಕರ್ಮಿ ಕುಶಲಕರ್ಮಿಯಾಗುತ್ತಾನೆ ಎಂದು ಭಗವಾನರು ಇಬ್ಬರು ತರುಣರಿಗೆ ವಿವರಿಸುವ ಸುತ್ತ ಅದು. ಓಡುವ ರಥವನ್ನು ಕಡಾಣಿ ಹಿಡಿದಿಟ್ಟ ಹಾಗೆ ಲೋಕವನ್ನು ಕರ್ಮ, ಅಂದರೆ ಮಾಡುವ ಕ್ರಿಯೆ, ಹಿಡಿದಿಟ್ಟಿದೆ ಎಂಬ ಹೋಲಿಕೆ ಅಲ್ಲಿದೆ. ಜಾತಿಯನ್ನು ಅಲ್ಲಗಳೆಯುವ ಮಾತಿಗೆ ಗಾಡಿಯ ಅತಿ ಸಣ್ಣ ಭಾಗವನ್ನು ಆರಿಸಿಕೊಂಡದ್ದು ನನಗೆ ಯಾವಾಗಲೂ ಇಷ್ಟ.

ಈಗ ಹೊರುವವರ ವಿಷಯಕ್ಕೆ ಬರೋಣ. ಈ ದೇಶಕ್ಕೆ ಚಕ್ರ ಗೊತ್ತಿಲ್ಲದ್ದೇನಲ್ಲ. ಹರಪ್ಪ ಕಾಲದ ಮಕ್ಕಳ ಆಟಿಕೆಯಲ್ಲೇ ಮಣ್ಣಿನ ಗಾಡಿಗಳು ಸಿಕ್ಕಿವೆ. ಆದರೂ ನಾಲ್ಕು ಸಾವಿರ ವರ್ಷಗಳ ನಂತರವೂ ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ, ಕಲ್ಲು, ಮಣ್ಣು, ಪಲ್ಲಕ್ಕಿ ಎಲ್ಲ ಮನುಷ್ಯರ ತಲೆ, ಹೆಗಲ ಮೇಲೆಯೇ ಉಳಿದವು. ಸಿಂಬೆ ಸುತ್ತಿಕೊಳ್ಳುವ ತಲೆ ಪುಕ್ಕಟೆ ಸಿಗುವಾಗ ಚಕ್ರಕ್ಕೆ ಯಾರು ದುಡ್ಡು ಹಾಕುತ್ತಾರೆ? ನಮ್ಮ ಹುಡುಗರು ಕೆಲಸ ಮಾಡುವಲ್ಲಿ ಟ್ರಾಲಿಯ ಮಾತು ಎತ್ತಿದಾಗ ಬಂದ ಉತ್ತರವೂ ಹೆಚ್ಚುಕಡಿಮೆ ಇದೇ: "ನೀವಿಬ್ಬರು ಇದ್ದೀರಲ್ಲ, ಮತ್ತೆ ಟ್ರಾಲಿ ಯಾಕೆ?"

ಬಾಬಾಸಾಹೇಬರು 1945ರಲ್ಲಿ ಪ್ರಕಟಿಸಿದ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕದಲ್ಲಿ ಯಂತ್ರದ ಪರವಾಗಿ ವಾದಿಸುತ್ತಾರೆ. ಯಂತ್ರದಿಂದ ಕೆಡುಕಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭ ಕೆಲವರಿಗೇ ಸೇರುವಂಥ ಸಮಾಜದ ಏರ್ಪಾಟಿನದ್ದು. ಮನುಷ್ಯ ಪಶುವಿನಂತೆ ದುಡಿದು ಸಾಯದಿರಲು ಬಿಡುವು ಬೇಕು, ಬಿಡುವು ಕೊಡುವುದು ಯಂತ್ರ ಎಂಬುದು ಅವರ ವಾದದ ಸಾರ. "ಹುಡುಗರು ಹೊತ್ತರೆ ಮೈ ಗಟ್ಟಿಯಾಗುತ್ತದೆ ಬಿಡಿ" ಎಂದು ನಮ್ಮವರೇ ಹೇಳುವಾಗ ನನಗೆ ಆ ಅಧ್ಯಾಯ ನೆನಪಾಗುತ್ತದೆ. ಮೈ ಗಟ್ಟಿ ಮಾಡಿಕೊಳ್ಳಲು ದುಡ್ಡು ಕೊಟ್ಟು ಜಿಮ್ಮಿಗೆ ಹೋಗುವವರು ದೋಣಿಯ ಒಳಗೆ ಕೂತಿರುತ್ತಾರೆ.

ಸಂಯುತ್ತ ನಿಕಾಯದ ಭಾರ ಸುತ್ತವನ್ನೂ ಇಂಥ ಕಡೆ ತಪ್ಪಾಗಿ ಬಳಸುತ್ತಾರೆ. ಅಲ್ಲಿ ಭಾರ ಎಂದರೆ ಪಂಚಸ್ಕಂಧಗಳು, ಎತ್ತಿಕೊಳ್ಳುವುದು ಎಂದರೆ ತೃಷ್ಣೆ, ಇಳಿಸುವುದು ಎಂದರೆ ತೃಷ್ಣೆಯ ನಿಲುಗಡೆ. "ಎಲ್ಲರೂ ಒಂದಲ್ಲ ಒಂದು ಭಾರ ಹೊತ್ತವರೇ" ಎಂದು ಪ್ರವಚನ ಮಾಡಿ ಹಮಾಲಿಯ ಮೂಟೆಯನ್ನೂ ಅದರಲ್ಲಿ ಸೇರಿಸಿಬಿಡುವವರಿದ್ದಾರೆ. ಎರಡು ಚಕ್ರದಿಂದ ಇಳಿಯುವ ಭಾರವನ್ನು ಧ್ಯಾನದಿಂದ ಇಳಿಸು ಎಂದು ಯಾವ ಸುತ್ತವೂ ಹೇಳಿಲ್ಲ.

ಆದರೆ ಚಕ್ರ ಬಂದರೆ ಎಲ್ಲ ಮುಗಿಯಿತು ಎನ್ನಲೂ ನಾನು ತಯಾರಿಲ್ಲ. 1970ರ ದಶಕದ ಮೊದಲಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಂಸತ್ತಿನ ಕಾಯ್ದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಬುಟ್ಟಿ ತಲೆಯಿಂದ ಇಳಿದು ತಳ್ಳುಗಾಡಿಗೆ ಬಂದರೂ ತಳ್ಳುವ ಕೈ ಅದೇ ಜಾತಿಯ ಕೈಯಾಗಿ ಉಳಿದರೆ ಅದು ಎಷ್ಟರ ಬಿಡುಗಡೆ? ದೋಣಿಯ ಮಾತೂ ಹಾಗೆಯೇ. ಇಬ್ಬರು ಹುಡುಗರು ಹೊರುತ್ತಿದ್ದದ್ದನ್ನು ಒಬ್ಬ ಹುಡುಗ ಎಳೆಯುವಂತಾಗಿ, ಇನ್ನೊಬ್ಬನಿಗೆ ಕೆಲಸ ಹೋದರೆ ನಮಗೆ ಸಿಕ್ಕಿದ್ದೇನು?

ಅದಕ್ಕೇ ಆ ವಿಡಿಯೋದಲ್ಲಿ ನನ್ನ ಕಣ್ಣು ಸೆಳೆದದ್ದು ಟ್ರಾಲಿಗಿಂತ ಹೆಚ್ಚಾಗಿ ಆ ಹೆಂಗಸು. ದೋಣಿ ಅವರದ್ದು, ಎಳೆಯುವುದೂ ಅವರೇ. ಮೂವತ್ತು ಕೆ.ಜಿ. ಹೊರಲು ಆಗುವುದಿಲ್ಲ ಎನ್ನುವ ಪ್ರವಾಸಿಯ ಮಾತನ್ನು ಒಪ್ಪೋಣ. ಮೂರು ಕೆ.ಜಿ. ಹಿಡಿಯಲು ಆಗುವುದಿಲ್ಲ ಎಂದರೆ ಒಪ್ಪಬೇಕಾಗಿಲ್ಲ. ಚಕ್ರ ಸರಿಯಾದ ಜಾಗಕ್ಕೆ ಬಂದ ಕೂಡಲೇ ಇನ್ನೊಬ್ಬರ ಹೆಗಲು ಕೇಳುವ ನೆಪ ಹೋಗುತ್ತದೆ. ಆಗ ನಮ್ಮ ಹುಡುಗರಿಗೆ ಉಳಿಯುವ ಕೆಲಸ ಬೇರೆಯದು: ಹುಟ್ಟು ಹಿಡಿಯುವುದನ್ನು ಕಲಿಸುವುದು, ಗಾಳಿ ಎದ್ದಾಗ ಎಲ್ಲಿಗೆ ಹೋಗಬಾರದು ಎಂದು ಹೇಳುವುದು, ಮಗುಚಿದವರನ್ನು ಎತ್ತುವುದು. ಅದಕ್ಕೆ ಈಜು ಬೇಕು, ತರಬೇತಿ ಬೇಕು, ಅದಕ್ಕೆ ತಕ್ಕ ಸಂಬಳ ಕೇಳುವ ಧೈರ್ಯವೂ ಬೇಕು. ಮಾಲೀಕರ ಹತ್ತಿರ ಮಾತಾಡುವಾಗ ಟ್ರಾಲಿಯನ್ನು ಮಾತ್ರ ಕೇಳಬೇಡಿ, ಇದನ್ನೂ ಜೊತೆಗೆ ಕೇಳಿ ಎಂದು ಆ ಇಬ್ಬರಿಗೂ ಹೇಳಿದ್ದೇನೆ.

ನೀರಿನ ಹತ್ತಿರ ಹೋಗುವುದು ನಮಗೆ ಎಂದೂ ಹಗುರವಾದ ವಿಷಯವಾಗಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಬಾಬಾಸಾಹೇಬರು ನಡೆದದ್ದು ಒಂದು ಬೊಗಸೆ ನೀರಿಗಾಗಿ. ಇವತ್ತು ನಮ್ಮ ಮಕ್ಕಳು ನೀರಿನ ಅಂಚಿನವರೆಗೆ ಹೋಗುತ್ತಾರೆ, ಇನ್ನೊಬ್ಬರ ದೋಣಿ ಹೊತ್ತು. ಅಲ್ಲೇ ಇಳಿಸಿ ಹಿಂದಕ್ಕೆ ಬರುತ್ತಾರೆ. ಅವರಲ್ಲಿ ಒಬ್ಬನಾದರೂ ಈ ಬೇಸಿಗೆಯಲ್ಲಿ ಆ ದೋಣಿಯೊಳಗೆ ಕೂತು ಹುಟ್ಟು ಹಾಕಿದ ಫೋಟೋವನ್ನು ಈ ಗುಂಪಿನಲ್ಲಿ ನೋಡುವ ಆಸೆ ನನಗಿದೆ.

ಭಾನುವಾರದ ವಾಚನಕ್ಕೆ ವಾಸೆಟ್ಠ ಸುತ್ತ. ಓದಿಕೊಂಡು ಬನ್ನಿ. ವಾಚನ ಮುಗಿದ ಮೇಲೆ ವೆಲ್ಡಿಂಗ್ ಗೊತ್ತಿರುವ ನಮ್ಮ ತಮ್ಮಂದಿರು ಒಂದು ಟ್ರಾಲಿ ಕೂಡಿಸಿ ತೋರಿಸುತ್ತಾರೆ. ಯಾರ ಮನೆಯಲ್ಲಾದರೂ ಹಳೆಯ ಸ್ಕೂಟರಿನ ಚಕ್ರ ಒಂದು ಜೊತೆ, ಮೂರಡಿ ಕಬ್ಬಿಣದ ಪೈಪು, ಲಗೇಜು ಕಟ್ಟುವ ಪಟ್ಟಿ ಇದ್ದರೆ ತನ್ನಿ. ಟ್ಯೂಬು ಪಂಕ್ಚರ್ ಆಗಿದ್ದರೂ ಅಡ್ಡಿಯಿಲ್ಲ. ಕಡಾಣಿ ನಾನು ತರುತ್ತೇನೆ.

ಜೈ ಭೀಮ್ 🙏